ಪಾಪದ ಲೆಕ್ಕ ದೇವರಿಗೆ, ಪೆಟ್ಟಿನ ಲೆಕ್ಕ ಕಾನೂನಿಗೆ

ಕರ್ನಾಟಕದ ವಿಧಾನಮಂಡಲ 2025ರ ಡಿಸೆಂಬರ್‌ನ ಬೆಳಗಾವಿ ಅಧಿವೇಶನದಲ್ಲಿ ಅಂಗೀಕರಿಸಿದ ದ್ವೇಷ ಭಾಷಣ ಮತ್ತು ದ್ವೇಷ ಅಪರಾಧಗಳ ತಡೆ ಮಸೂದೆಯಲ್ಲಿ ಒಂದು ಪಟ್ಟಿ ಇದೆ. ಯಾವ ಯಾವ ಕಾರಣ ಮುಂದಿಟ್ಟು ಮನುಷ್ಯರ ಮೇಲೆ ದ್ವೇಷ ಹರಡುವುದು ಅಪರಾಧ ಎಂದು ಹೇಳುವ ಪಟ್ಟಿ ಅದು. ಧರ್ಮ, ಜನಾಂಗ, ಜಾತಿ ಅಥವಾ ಸಮುದಾಯ, ಲಿಂಗ, ಲಿಂಗತ್ವ, ಲೈಂಗಿಕ ಒಲವು, ಹುಟ್ಟಿದ ಸ್ಥಳ, ವಾಸದ ಸ್ಥಳ, ಭಾಷೆ, ಅಂಗವೈಕಲ್ಯ, ಬುಡಕಟ್ಟು ಇವೆಲ್ಲ ಅದರಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತಿವೆ. ಕರಾವಳಿಯ ಸರಾಸರಿ ಧಾರ್ಮಿಕ ಮನುಷ್ಯ ಈ ಪಟ್ಟಿಯನ್ನು ಓದುವ ರೀತಿ ವಿಚಿತ್ರ. ಧರ್ಮ ಎಂಬ ಮೊದಲ ಪದಕ್ಕೆ ನಿಟ್ಟುಸಿರು ಬಿಡುತ್ತಾನೆ. ಲೈಂಗಿಕ ಒಲವು ಎಂಬಲ್ಲಿಗೆ ಬಂದಾಗ ಕಣ್ಣು ಬೇರೆ ಕಡೆ ತಿರುಗಿಸುತ್ತಾನೆ. 'ನಮ್ಮ ರಕ್ಷಣೆ ಸರಿ, ಇದನ್ನೆಲ್ಲ ಯಾಕೆ ಇದರೊಳಗೆ ತುರುಕಿದರು' ಎಂಬುದು ಅವನ ಪ್ರಶ್ನೆ. ಈ ಪ್ರಶ್ನೆ ಚರ್ಚಿನ ಅಂಗಳದಲ್ಲೂ ಕೇಳುತ್ತದೆ, ಮಸೀದಿಯ ಅಂಗಳದಲ್ಲೂ ಕೇಳುತ್ತದೆ, ದೇವಸ್ಥಾನದ ಜಗಲಿಯಲ್ಲೂ ಕೇಳುತ್ತದೆ.

ಈ ಬರಹ ಮುಖ್ಯವಾಗಿ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕ್ರೈಸ್ತ ಬಾಂಧವರನ್ನು ಉದ್ದೇಶಿಸಿದ್ದು. ಆ ಪಟ್ಟಿಯ ಮೊದಲ ಪದ ನಮಗೆ ಬೇಕು, ಆರನೆಯದು ಬೇಡ ಎನ್ನುವ ಹಕ್ಕು ಅವರಿಗಿಲ್ಲ ಎಂಬುದು ಇಲ್ಲಿನ ವಾದ. ಹಾಗೆ ಹೇಳುವಾಗ ಹೊರಗಿನ ಯಾವ ಆಧುನಿಕ ಸಿದ್ಧಾಂತವನ್ನೂ ಅವರ ತಲೆಯ ಮೇಲೆ ಹೇರಬೇಕಾಗಿಲ್ಲ. ಅವರದೇ ಅನುಭವ, ಅವರದೇ ಸಭೆಗಳ ಬೋಧನೆ, ಅವರದೇ ಊರಿನ ಚರಿತ್ರೆ ಸಾಕು. ಉಳಿದವರಿಗೂ ಇದರಲ್ಲಿ ಕೇಳಬೇಕಾದ ಮಾತಿದೆ. ಅದು ಕೊನೆಗೆ ಬರುತ್ತದೆ.

ಮೊದಲು ಅನುಭವದ ಮಾತು. 2008ರ ಸೆಪ್ಟೆಂಬರ್ 14, ಭಾನುವಾರ. ಮಂಗಳೂರಿನ ಮಿಲಾಗ್ರಿಸ್ ಬಳಿಯ ಆರಾಧನಾ ಮಠಕ್ಕೆ ನುಗ್ಗಿದವರು ಶಿಲುಬೆಯನ್ನೂ ಪವಿತ್ರ ಪ್ರಸಾದದ ಪೆಟ್ಟಿಗೆಯನ್ನೂ ಒಡೆದರು. ಅದೇ ದಿನ ದಕ್ಷಿಣ ಕನ್ನಡ, ಉಡುಪಿ, ಚಿಕ್ಕಮಗಳೂರು ಜಿಲ್ಲೆಗಳ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿಯಾಯಿತು. ಕಲ್ಲು ಬಿದ್ದದ್ದು ಮಂಗಳೂರಿನಲ್ಲಿ, ಆದರೆ ಅದರ ಸದ್ದು ಬೈಂದೂರಿನ ಹೋಲಿ ಕ್ರಾಸ್ ಚರ್ಚಿನವರೆಗೂ ಕೇಳಿತು. 1570ರಷ್ಟು ಹಳೆಯದಾದ ಕುಂದಾಪುರದ ರೊಜಾರಿ ಮಾತೆಯ ಇಗರ್ಜಿಗೆ ಮಕ್ಕಳನ್ನು ಕಳಿಸಲು ತಾಯಂದಿರು ಹೆದರುವಂತಾಯಿತು. ದ್ವೇಷ ಅಪರಾಧ ಎಂದರೆ ಇದೇ. ಪೆಟ್ಟು ಒಬ್ಬನಿಗೆ ಬೀಳುತ್ತದೆ, ನಡುಕ ಒಂದು ಸಮುದಾಯಕ್ಕೆ ಹತ್ತುತ್ತದೆ. ಹೊಡೆಯುವವನ ಉದ್ದೇಶವೂ ಅದೇ.

ಆ ಘಟನೆಗೆ ಐದು ವಾರ ತುಂಬಿತ್ತಷ್ಟೆ. ಅಕ್ಟೋಬರ್ 20ರಂದು ಬೆಂಗಳೂರಿನ ಗಿರಿನಗರದಲ್ಲಿ ಪೊಲೀಸರು ಐವರು ಹಿಜಡಾಗಳನ್ನು ಹಿಡಿದೊಯ್ದರು. ಅವರನ್ನು ವಿಚಾರಿಸಲು ಠಾಣೆಗೆ ಹೋದ ಕಾರ್ಯಕರ್ತರಿಗೂ ಪೆಟ್ಟು ಬಿತ್ತು, ಅವರೂ ಬಂಧಿತರಾದರು. ಮುಂದಿನ ಜನವರಿ 24ಕ್ಕೆ ಮಂಗಳೂರಿನ ಪಬ್ಬಿನಲ್ಲಿ ಹುಡುಗಿಯರನ್ನು ಎಳೆದಾಡಿ ಹೊಡೆದರು. ನಾಲ್ಕೂವರೆ ತಿಂಗಳೊಳಗೆ ಒಂದೇ ರಾಜ್ಯದಲ್ಲಿ ಕ್ರೈಸ್ತರು, ಹಿಜಡಾಗಳು, ಹೆಣ್ಣುಮಕ್ಕಳು. ಇವು ಮೂರು ಬೇರೆ ಬೇರೆ ಸುದ್ದಿಗಳೆಂದು ನಾವು ಬೇರೆ ಬೇರೆ ಪುಟಗಳಲ್ಲಿ ಓದಿದೆವು. ಸಮಾಜ ಹೇಗಿರಬೇಕೆಂದು ತಾವು ಬರೆದಿಟ್ಟ ಚಿತ್ರದಲ್ಲಿ ಇವರಿಗೆ ಜಾಗವಿಲ್ಲ ಎಂಬ ಒಂದೇ ಮನೋಭಾವ ಮೂರು ಕಡೆಯೂ ಕೈ ಎತ್ತಿತ್ತು ಎಂಬುದನ್ನು ಗಮನಿಸಿದವರು ಕಡಿಮೆ.

ಗಮನಿಸಿದ ಒಂದು ಸಂಘಟನೆ ಇತ್ತು. ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್, ಅಂದರೆ ಪಿಯುಸಿಎಲ್‌ನ ಕರ್ನಾಟಕ ಘಟಕ. 2008ರ ಚರ್ಚ್ ದಾಳಿಗಳ ಬಗ್ಗೆ ಊರೂರು ತಿರುಗಿ, ಪೆಟ್ಟು ತಿಂದ ಪಾಸ್ಟರುಗಳ ಹೇಳಿಕೆ ಪಡೆದು 2009ರಲ್ಲಿ ವರದಿ ತಂದವರು ಅವರು. ಸರಕಾರ ನೇಮಿಸಿದ ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಆಯೋಗದ 2011ರ ಅಂತಿಮ ವರದಿ ಸಂಘ ಪರಿವಾರಕ್ಕೂ ಸರಕಾರಕ್ಕೂ ಕ್ಲೀನ್ ಚಿಟ್ ಕೊಟ್ಟಾಗ ಕ್ರೈಸ್ತರು ಕೈಯಲ್ಲಿ ಹಿಡಿದುಕೊಳ್ಳಲು ಎರಡೇ ದಾಖಲೆಗಳಿದ್ದವು ಎನ್ನಬೇಕು: ಪಿಯುಸಿಎಲ್‌ನ ವರದಿ ಮತ್ತು ನಿವೃತ್ತ ನ್ಯಾಯಮೂರ್ತಿ ಮೈಕೆಲ್ ಸಲ್ಡಾನ ಅವರ ಸ್ವತಂತ್ರ ತನಿಖೆಯ ವರದಿ. ಈಗ ಕೇಳಿ. ಇದೇ ಪಿಯುಸಿಎಲ್ ಕರ್ನಾಟಕ 2001ರಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಮೇಲಿನ ದೌರ್ಜನ್ಯದ ಬಗ್ಗೆ, 2003ರಲ್ಲಿ ಬೆಂಗಳೂರಿನ ಹಿಜಡಾ ಮತ್ತು ಕೋಥಿಗಳ ಮೇಲಿನ ಪೊಲೀಸ್ ಹಿಂಸೆಯ ಬಗ್ಗೆ ವರದಿ ಬರೆದಿತ್ತು. ಇದೇ ಸಂಘಟನೆ 2023ರಲ್ಲಿ ಹಿಜಾಬಿನ ಕಾರಣಕ್ಕೆ ಕಾಲೇಜಿನಿಂದ ಹೊರಗುಳಿದ ಮುಸ್ಲಿಂ ಹುಡುಗಿಯರ ಬಗ್ಗೆ ವರದಿ ತಂದಿತು. 2022ರ ಫೆಬ್ರವರಿ 3ರಂದು ಕುಂದಾಪುರದ ಸರಕಾರಿ ಪದವಿಪೂರ್ವ ಕಾಲೇಜಿನ ಗೇಟು ಆ ಹುಡುಗಿಯರ ಮುಖಕ್ಕೆ ಮುಚ್ಚಿದ ದೃಶ್ಯವನ್ನು ದೇಶವೆಲ್ಲ ನೋಡಿತು.

ಹಿಜಡಾ, ಕ್ರೈಸ್ತ, ಮುಸ್ಲಿಂ ಹುಡುಗಿ. ಮೂವರ ಕಣ್ಣೀರನ್ನೂ ಒಂದೇ ಕಪಾಟಿನ ಕಾಗದಗಳು ಹಿಡಿದಿಟ್ಟಿವೆ. ತನ್ನ ವರದಿಯನ್ನು ಮಾತ್ರ ಆ ಕಪಾಟಿನಿಂದ ತೆಗೆದುಕೊಂಡು, ಪಕ್ಕದ ವರದಿಯನ್ನು ಅಶ್ಲೀಲವೆಂದು ದೂರ ಸರಿಸುವುದು ಕೃತಘ್ನತೆಯಷ್ಟೇ ಅಲ್ಲ, ಪೆದ್ದುತನವೂ ಹೌದು. ಏಕೆಂದರೆ ಆ ವರದಿಗಳನ್ನು ಬರೆದವರು ಬಲಿಪಶುವಿನ ಧರ್ಮವನ್ನೋ ನಡತೆಯನ್ನೋ ಮೆಚ್ಚಿ ಬರೆದದ್ದಲ್ಲ. ಯಾರಿಗೂ ಹೀಗಾಗಬಾರದು ಎಂಬ ಒಂದೇ ತತ್ವದಿಂದ ಬರೆದದ್ದು. ಆ ತತ್ವಕ್ಕೆ ವಿನಾಯಿತಿ ಕೇಳುವವನು ತನಗೆ ಸಿಕ್ಕ ರಕ್ಷಣೆಯ ಬುಡವನ್ನೇ ಕಡಿಯುತ್ತಾನೆ.

ಎರಡನೆಯದು, ಪ್ರಚೋದನೆಯ ಮಾತು. 2008ರಲ್ಲಿ ಅಧಿಕಾರದಲ್ಲಿದ್ದವರು ಏನೆಂದರು ನೆನಪಿರಬಹುದು. ದಾಳಿ ತಪ್ಪು, ಆದರೆ ಮತಾಂತರ ನಡೆಯುತ್ತಿತ್ತಲ್ಲ, ಹಿಂದೂ ದೇವತೆಗಳನ್ನು ಹೀಯಾಳಿಸುವ ಪುಸ್ತಕ ಹಂಚಿದ್ದರಲ್ಲ, ಜನ ರೊಚ್ಚಿಗೇಳದೆ ಇರುತ್ತಾರೆಯೇ ಎಂದರು. ಕ್ರೈಸ್ತರಿಗೆ ಆ 'ಆದರೆ' ಎಂಬ ಪದ ಕಲ್ಲಿಗಿಂತ ಹೆಚ್ಚು ನೋವು ಕೊಟ್ಟಿತು. ಪೆಟ್ಟು ತಿಂದವನೇ ಪೆಟ್ಟಿಗೆ ಕಾರಣ ಎಂದು ಸಾಧಿಸುವ ಆ ತರ್ಕವನ್ನು ಅವರು ಸರಿಯಾಗಿಯೇ ತಿರಸ್ಕರಿಸಿದರು. ಆದರೆ 1986ರಲ್ಲಿ ವ್ಯಾಟಿಕನ್ನಿನ ಧರ್ಮವಿಶ್ವಾಸ ವಿಭಾಗ ಸಲಿಂಗಿಗಳ ಬಗ್ಗೆ ಬಿಷಪರಿಗೆ ಬರೆದ ಪತ್ರವನ್ನು ತೆಗೆದು ನೋಡಿ. ಸಲಿಂಗಿಗಳ ಮೇಲಿನ ಹಿಂಸೆಯನ್ನು ಅದು ಸ್ಪಷ್ಟವಾಗಿ ಖಂಡಿಸಿತ್ತು. ಆ ಖಂಡನೆ ಗೌರವಕ್ಕೆ ಅರ್ಹ. ಅದರ ಬೆನ್ನಿಗೇ, ಸಲಿಂಗ ಆಚರಣೆಗೆ ರಕ್ಷಣೆ ಕೊಡುವ ಕಾನೂನು ಬಂದಾಗ ಹಿಂಸಾತ್ಮಕ ಪ್ರತಿಕ್ರಿಯೆಗಳು ಹೆಚ್ಚಿದರೆ ಚರ್ಚಾಗಲೀ ಸಮಾಜವಾಗಲೀ ಅಚ್ಚರಿಪಡಬಾರದು ಎಂಬ ಅರ್ಥದ ಮಾತೂ ಅದರಲ್ಲಿತ್ತು. ಇದು ಅದೇ 'ಆದರೆ' ಅಲ್ಲವೇ? ರೋಮಿನಲ್ಲಿ ಹೇಳಿದಾಗ ಅದು ಧರ್ಮಬೋಧೆ, ಬೆಂಗಳೂರಿನಲ್ಲಿ ಹೇಳಿದಾಗ ಕೋಮುವಾದ ಎನ್ನಲು ಸಾಧ್ಯವೇ? ಪ್ರಚೋದನೆಯ ವಾದ ನಮಗೆ ಬೇಡವಾದರೆ ಯಾರ ವಿಷಯದಲ್ಲೂ ಬೇಡ.

ಮೂರನೆಯದು, ಪಾಪ ಮತ್ತು ಅಪರಾಧದ ವ್ಯತ್ಯಾಸ. ಸಲಿಂಗ ಸಂಬಂಧ ಪಾಪ ಎಂಬ ನಂಬಿಕೆ ಕ್ಯಾಥೊಲಿಕರಲ್ಲಿ, ಆರ್ಥೊಡಾಕ್ಸರಲ್ಲಿ, ಹಲವು ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಇದೆ. ಇಸ್ಲಾಮಿನ ಸಾಂಪ್ರದಾಯಿಕ ನಿಲುವೂ ಹಾಗೆಯೇ ಇದೆ. ಈ ಬರಹ ಆ ನಂಬಿಕೆಯನ್ನು ಕೆಡವಲು ಹೊರಟಿಲ್ಲ. ಕೇಳುವುದಿಷ್ಟೆ: ಪಾಪವೆಂದು ನಂಬಿದ್ದೆಲ್ಲವನ್ನೂ ಪೊಲೀಸರ ಕೈಗೆ ಕೊಡುತ್ತೀರಾ? ಭಾನುವಾರ ಪೂಜೆಗೆ ಹೋಗದಿರುವುದು ಕ್ಯಾಥೊಲಿಕರಿಗೆ ಪಾಪ. ಅದಕ್ಕಾಗಿ ಯಾರನ್ನೂ ಠಾಣೆಗೆ ಎಳೆಯುವುದಿಲ್ಲ. ವಿಗ್ರಹಾರಾಧನೆ ಕ್ರೈಸ್ತರಿಗೂ ಮುಸ್ಲಿಮರಿಗೂ ದೊಡ್ಡ ಪಾಪ. ಆದರೆ ಪಕ್ಕದ ಮನೆಯವರು ಗಣಪತಿ ಕೂರಿಸಿದರೆ ಅವರ ಮೇಲೆ ಕೈ ಮಾಡುವವನನ್ನು ನಾವು ಗೂಂಡಾ ಎಂದೇ ಕರೆಯುತ್ತೇವೆ. ಹಾಗಾದರೆ ಈ ಒಂದು ವಿಷಯದಲ್ಲಿ ಮಾತ್ರ ಪಾಪದ ಲೆಕ್ಕವನ್ನು ದೇವರ ಕೈಯಿಂದ ಕಿತ್ತು ಬೀದಿಯ ಹುಡುಗರ ಕೈಗೆ ಕೊಡುವುದೇಕೆ?

ಇನ್ನು ಸಲಿಂಗವನ್ನು ಅಪರಾಧ ಮಾಡಿದ 377ನೇ ಕಲಮು ಎಲ್ಲಿಂದ ಬಂತು? ಬ್ರಿಟಿಷರು 1860ರಲ್ಲಿ ಭಾರತಕ್ಕೆ ಕೊಟ್ಟ ದಂಡ ಸಂಹಿತೆಯಿಂದ. ಲಂಡನ್ನಿನ ವಿಕ್ಟೋರಿಯಾ ಯುಗದ ನೈತಿಕತೆ ನಮ್ಮ ಠಾಣೆಗಳಿಗೆ ಲಾಠಿಯಾಗಿ ಇಳಿಯಿತು. 2009ರ ಜುಲೈ 2ರಂದು ದೆಹಲಿ ಹೈಕೋರ್ಟು ಆ ಕಲಮಿನ ಹಲ್ಲು ಕಿತ್ತಾಗ ಸುಪ್ರೀಂ ಕೋರ್ಟಿಗೆ ಓಡಿದವರು ಯಾರೆಂದು ನೋಡಿ. ಒಬ್ಬ ಜ್ಯೋತಿಷಿ, ಅಖಿಲ ಭಾರತ ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿ, ಅಪೊಸ್ತಲಿಕ್ ಚರ್ಚಸ್ ಅಲಯನ್ಸ್, ಉತ್ಕಲ ಕ್ರಿಶ್ಚಿಯನ್ ಕೌನ್ಸಿಲ್. ಊರಿನ ಶಾಂತಿ ಸಭೆಗೆ ಕರೆದರೂ ಒಟ್ಟಿಗೆ ಕೂರಲು ಕಷ್ಟಪಡುವವರು ಇಲ್ಲಿ ಒಂದಾದರು. ಸರ್ವಧರ್ಮ ಸಮನ್ವಯಕ್ಕೆ ನಮ್ಮ ದೇಶದಲ್ಲಿ ಸಿಕ್ಕಿದ ಅತಿ ದುಃಖದ ಉದಾಹರಣೆ ಇದು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ಅವರ ಮಾತು ಎತ್ತಿಹಿಡಿಯಿತು.

ಆದರೆ ಅದೇ ವಾರ ಇನ್ನೊಂದು ದನಿ ಕೇಳಿತು. ಭಾರತದ ಕ್ಯಾಥೊಲಿಕರ ಅತಿ ಹಿರಿಯ ಧರ್ಮಾಧ್ಯಕ್ಷರಲ್ಲೊಬ್ಬರಾದ ಮುಂಬಯಿಯ ಕಾರ್ಡಿನಲ್ ಓಸ್ವಲ್ಡ್ ಗ್ರೇಶಿಯಸ್, ಚರ್ಚು ಸಲಿಂಗ ಮದುವೆಯನ್ನು ಒಪ್ಪುವುದಿಲ್ಲವಾದರೂ ಸಲಿಂಗಿಗಳನ್ನು ಎಂದೂ ಅಪರಾಧಿಗಳೆಂದು ಎಣಿಸಿಲ್ಲ ಎಂದರು. ಇದು ಅವರ ಸ್ವಂತ ಔದಾರ್ಯವಲ್ಲ. 1992ರ ಕ್ಯಾಥೊಲಿಕ್ ಧರ್ಮೋಪದೇಶ ಗ್ರಂಥವೇ ಇಂಥವರನ್ನು ಗೌರವ, ಕನಿಕರ, ಸೂಕ್ಷ್ಮತೆಯಿಂದ ಕಾಣಬೇಕು, ಅನ್ಯಾಯದ ತಾರತಮ್ಯ ಮಾಡಬಾರದು ಎಂದು ವಿಧಿಸುತ್ತದೆ. ವ್ಯಾಟಿಕನ್ 2008ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯಲ್ಲಿ ಸಲಿಂಗವನ್ನು ಅಪರಾಧಮುಕ್ತಗೊಳಿಸುವ ಘೋಷಣೆಯನ್ನು ವಿರೋಧಿಸಿತ್ತು. ಹದಿನಾಲ್ಕು ವರ್ಷಗಳ ನಂತರ, 2023ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಸಲಿಂಗಿಯಾಗಿರುವುದು ಅಪರಾಧವಲ್ಲ, ಅದನ್ನು ಅಪರಾಧ ಮಾಡುವ ಕಾನೂನುಗಳು ಅನ್ಯಾಯ ಎಂದು ಬಾಯಿಬಿಟ್ಟು ಹೇಳಿದರು. ಪಾಪ ಬೇರೆ, ಅಪರಾಧ ಬೇರೆ ಎಂದೂ ವಿಂಗಡಿಸಿದರು. ಅಷ್ಟರಲ್ಲಿ ನಮ್ಮ ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ತನ್ನ ಹಳೆಯ ತೀರ್ಪನ್ನು ತಾನೇ ಅಳಿಸಿತ್ತು. ಅಂದರೆ ರೋಮ್ ನಡೆದಿದೆ, ದೆಹಲಿ ನಡೆದಿದೆ. ನಮ್ಮ ಪ್ರವಚನ ಪೀಠಗಳು ಮಾತ್ರ ನಿಂತಲ್ಲೇ ನಿಂತಿವೆ.

ಬ್ರಹ್ಮಾವರದ ಮಾತಿಗೆ ಬರೋಣ. ಅಲ್ಲಿಯ ಆರ್ಥೊಡಾಕ್ಸ್ ಸಿರಿಯನ್ ಸಮುದಾಯ ಕರಾವಳಿಯಲ್ಲೇ ಅಪರೂಪದ್ದು. ಕೊಂಕಣಿ ಮಾತಾಡುವ ಕ್ಯಾಥೊಲಿಕರಲ್ಲಿ ಒಂದು ಗುಂಪು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಗೋವೆಯ ಪಾದ್ರಿ ಆಲ್ವಾರಿಸ್ ಮತ್ತು ಫಾದರ್ ನೊರೋನ್ಹ ಅವರ ಹಿಂದೆ ಹೋಗಿ ಕೇರಳದ ಮಲಂಕರ ಸಭೆಯನ್ನು ಸೇರಿತು. ಆಲ್ವಾರಿಸ್ 1889ರಲ್ಲಿ ಕೊಟ್ಟಾಯಂನಲ್ಲಿ ಮಾರ್ ಜೂಲಿಯಸ್ ಎಂಬ ಹೆಸರಿನಲ್ಲಿ ಬಿಷಪರಾದರು. ಕ್ಯಾಥೊಲಿಕ್ ಚರ್ಚು ಬಹಿಷ್ಕಾರ ಹಾಕಿತು. ಗೋವೆಯ ಪೋರ್ಚುಗೀಸ್ ಆಡಳಿತ ಅವರನ್ನು ಬಂಧಿಸಿ, ಬಿಷಪರ ಉಡುಪು ಕಳಚಿಸಿ, ಒಳಉಡುಪಿನಲ್ಲೇ ಬೀದಿಯಲ್ಲಿ ಠಾಣೆಗೆ ನಡೆಸಿತು ಎಂದು ಆ ಸಮುದಾಯದ ಚರಿತ್ರೆ ಹೇಳುತ್ತದೆ. ಬಡವರ, ಕುಷ್ಠರೋಗಿಗಳ ಸೇವೆಯಲ್ಲಿ ಬದುಕು ಸವೆಸಿದ ಅವರು 1923ರಲ್ಲಿ ರಿಬಂದರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಇಂದು ಬ್ರಹ್ಮಾವರದಲ್ಲಿ ಅವರ ಹೆಸರನ್ನು ಸಂತನಂತೆ ಸ್ಮರಿಸುತ್ತಾರೆ.

ಮನುಷ್ಯನ ಬಟ್ಟೆ ಬಿಚ್ಚಿ ಬೀದಿಯಲ್ಲಿ ನಡೆಸುವುದು. ಈ ಶಿಕ್ಷೆಗೆ ನಮ್ಮ ಜಿಲ್ಲೆಯಲ್ಲಿ ಇನ್ನೂ ಹತ್ತಿರದ ನೆನಪಿದೆ. 2005ರ ಮಾರ್ಚ್‌ನಲ್ಲಿ ಆದಿಉಡುಪಿಯಲ್ಲಿ ದನದ ವ್ಯಾಪಾರಿಗಳಾದ ತಂದೆ ಮಗನನ್ನು ಬೆತ್ತಲೆ ಮಾಡಿ ಗಂಟೆಗಟ್ಟಲೆ ಹೊಡೆದರು, ಜನ ಸುತ್ತ ನಿಂತು ನೋಡಿದರು. ಬಟ್ಟೆ ಬಿಚ್ಚಿಸಿ 'ನೀನು ಗಂಡೋ ಹೆಣ್ಣೋ' ಎಂದು ನೋಡುವ ಹಿಂಸೆಯನ್ನು ಹಿಜಡಾಗಳು ಠಾಣೆಗಳಲ್ಲೂ ಬೀದಿಗಳಲ್ಲೂ ಅನುಭವಿಸುತ್ತ ಬಂದಿದ್ದಾರೆ. ಪಿಯುಸಿಎಲ್‌ನ 2003ರ ವರದಿಯ ಪುಟಗಳಲ್ಲಿ ಅದು ದಾಖಲಾಗಿದೆ. ಬಿಷಪ್, ವ್ಯಾಪಾರಿ, ಹಿಜಡಾ. ಮೂವರ ನಂಬಿಕೆ ಬೇರೆ, ಬದುಕು ಬೇರೆ. ಬಿಚ್ಚಿದ ಕೈಗಳ ಉದ್ದೇಶ ಒಂದೇ. ಮಾರ್ ಜೂಲಿಯಸರ ಮುಂದೆ ಮೇಣದಬತ್ತಿ ಹಚ್ಚುವವರಿಗೆ ಈ ಹೋಲಿಕೆ ಮುಜುಗರ ತರಬಹುದು. ಕುಷ್ಠರೋಗಿಗಳನ್ನು ಮುಟ್ಟಿದ ಆ ಮನುಷ್ಯನಿಗೆ ಮುಜುಗರವಾಗುತ್ತಿತ್ತೇ ಎಂದು ಅವರು ಕೇಳಿಕೊಳ್ಳಲಿ.

ಇನ್ನೂ ಒಂದು ಸಂಗತಿ. ಮಲಂಕರ ಆರ್ಥೊಡಾಕ್ಸ್ ಸಭೆ 2010ರಲ್ಲಿ ಬ್ರಹ್ಮಾವರವನ್ನೇ ಕೇಂದ್ರವಾಗಿಟ್ಟು ಒಂದು ಧರ್ಮಪ್ರಾಂತ ಮಾಡಿತು. ಈ ಸಭೆಯೂ, ನಮ್ಮ ಸಿಎಸ್ಐ ಸಭೆಯೂ ನಾಗಪುರದಲ್ಲಿರುವ ಭಾರತೀಯ ಚರ್ಚುಗಳ ರಾಷ್ಟ್ರೀಯ ಮಂಡಳಿ ಎನ್‌ಸಿಸಿಐಯ ಸದಸ್ಯರು. ಆ ಮಂಡಳಿ ಒಂದು ದಶಕಕ್ಕೂ ಮೊದಲೇ ಲೈಂಗಿಕ ಅಲ್ಪಸಂಖ್ಯಾತರ ಬಗ್ಗೆ ಪಾದ್ರಿಗಳ ಜೊತೆ, ದೈವಶಾಸ್ತ್ರ ಕಾಲೇಜುಗಳ ಜೊತೆ ಸಂವಾದ ಶುರುಮಾಡಿತು, ಅಧ್ಯಯನ ಸಾಮಗ್ರಿ ತಯಾರಿಸಿತು. ಬೆಂಗಳೂರಿನ ಕ್ರೈಸ್ತ ಅಧ್ಯಯನ ಸಂಸ್ಥೆ ಸಿಐಎಸ್ಆರ್‌ಎಸ್‌ನ ವಲಯದಿಂದ 2015ರಲ್ಲಿ ಜಾರ್ಜ್ ಜಕರಾಯ ಮತ್ತು ವಿನ್ಸೆಂಟ್ ರಾಜಕುಮಾರ್ ಸಂಪಾದಿಸಿದ, ಚರ್ಚು ಮತ್ತು ಸಲಿಂಗದ್ವೇಷವನ್ನು ಕುರಿತ ಒಂದು ಪುಸ್ತಕವೇ ಬಂತು. ತಮಿಳುನಾಡಿನ ಚೆಂಗಲ್ಪಟ್ಟಿನ ಬಳಿ ಇವ್ಯಾಂಜಲಿಕಲ್ ಚರ್ಚ್ ಆಫ್ ಇಂಡಿಯಾ 2011ರಲ್ಲಿ ಎಸ್ತರ್ ಭಾರತಿ ಎಂಬ ಟ್ರಾನ್ಸ್‌ಜೆಂಡರ್ ಮಹಿಳೆಗೆ ಪಾಸ್ಟರ್ ದೀಕ್ಷೆ ಕೊಟ್ಟಿತು. ಕೊಚ್ಚಿಯಲ್ಲಿ 2016ರ ಕೊನೆಗೆ, ಶಾಲೆ ಬಿಟ್ಟ ಟ್ರಾನ್ಸ್‌ಜೆಂಡರ್‌ಗಳ ಕಲಿಕೆಗೆ ಕ್ಯಾಥೊಲಿಕ್ ಕನ್ಯಾಸ್ತ್ರೀಯರು ತಮ್ಮ ಕಟ್ಟಡವನ್ನೇ ಬಿಟ್ಟುಕೊಟ್ಟರು. ಆದ್ದರಿಂದ 'ಇದು ಅಮೆರಿಕದಿಂದ ಬಂದ ರೋಗ, ನಮ್ಮ ಸಭೆಗಳಿಗೆ ಸಂಬಂಧವಿಲ್ಲ' ಎಂಬ ಮಾತು ನಿಲ್ಲುವುದಿಲ್ಲ. ಸಂಬಂಧ ಇದೆ, ಕಾಗದ ಇದೆ, ಉದಾಹರಣೆ ಇದೆ. ನಾಗಪುರದಿಂದ ಬ್ರಹ್ಮಾವರಕ್ಕೆ ಆ ಕಾಗದ ಬಂದು ಮುಟ್ಟದಿರುವುದಕ್ಕೆ ಅಂಚೆ ಇಲಾಖೆಯನ್ನು ದೂರಲಾಗದು.

ಈಗ ಆಕ್ಷೇಪಗಳನ್ನು ನೋಡೋಣ. ಮೊದಲ ಆಕ್ಷೇಪ: ಕೊಲೆಗೆ ಕೊಲೆಯ ಕಲಮು, ಹಲ್ಲೆಗೆ ಹಲ್ಲೆಯ ಕಲಮು ಇರುವಾಗ ದ್ವೇಷ ಅಪರಾಧಕ್ಕೆ ಪ್ರತ್ಯೇಕ ಕಾನೂನು ಯಾಕೆ? ಇದಕ್ಕೆ ಉತ್ತರ ನಮ್ಮ ದೇಶ 1989ರಲ್ಲೇ ಕೊಟ್ಟಿದೆ. ದಲಿತನಿಗೆ ಬಿದ್ದ ಪೆಟ್ಟು ಬರೀ ಪೆಟ್ಟಲ್ಲ, ಕೇರಿಗೆ ಕೊಟ್ಟ ಎಚ್ಚರಿಕೆ ಎಂದು ಅರಿತೇ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ ಬಂತು. ಅಮೆರಿಕ ಈ ಪಾಠವನ್ನು 1998ರ ಎರಡು ಕೊಲೆಗಳಿಂದ ಕಲಿಯಿತು. ಟೆಕ್ಸಾಸಿನ ಜಾಸ್ಪರಿನಲ್ಲಿ ಜೇಮ್ಸ್ ಬರ್ಡ್ ಎಂಬ ಕರಿಯನನ್ನು ಟ್ರಕ್ಕಿಗೆ ಕಟ್ಟಿ ಎಳೆದು ಕೊಂದರು. ನಾಲ್ಕು ತಿಂಗಳ ನಂತರ ವಯೋಮಿಂಗಿನಲ್ಲಿ ಮ್ಯಾಥ್ಯೂ ಶೆಪರ್ಡ್ ಎಂಬ ಸಲಿಂಗಿ ವಿದ್ಯಾರ್ಥಿಯನ್ನು ಬಡಿದು ಬೇಲಿಗೆ ಕಟ್ಟಿ ಸಾಯಲು ಬಿಟ್ಟರು. ಇಬ್ಬರ ಹೆಸರನ್ನೂ ಒಟ್ಟಿಗೆ ಹೊತ್ತ ದ್ವೇಷ ಅಪರಾಧ ಕಾಯ್ದೆಗೆ 2009ರ ಅಕ್ಟೋಬರ್ 28ರಂದು ಒಬಾಮ ಸಹಿ ಹಾಕಿದರು. ಆ ಹನ್ನೊಂದು ವರ್ಷ ಅಲ್ಲಿಯ ಕ್ರೈಸ್ತರು ಎರಡು ಪಾಳಯವಾಗಿದ್ದರು. ಎಪಿಸ್ಕೋಪಲ್ ಚರ್ಚು, ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್ ಮುಂತಾದವು ಕಾನೂನಿನ ಪರ ನಿಂತವು. ಸಂಪ್ರದಾಯವಾದಿ ಇವ್ಯಾಂಜಲಿಕಲ್ಲರು, ಇದು ಬಂದರೆ ಬೈಬಲ್ ಬೋಧಿಸಿದ ಪಾಸ್ಟರುಗಳೆಲ್ಲ ಜೈಲಿಗೆ ಎಂದು ಹುಯಿಲೆಬ್ಬಿಸಿದರು. ಆ ಕಾನೂನು ಶಿಕ್ಷಿಸುವುದು ದೇಹಕ್ಕೆ ಹಾನಿ ಮಾಡಿದ ಕೈಯನ್ನು, ಪ್ರವಚನ ಮಾಡಿದ ಬಾಯಿಯನ್ನಲ್ಲ. 2018ರ ಅಕ್ಟೋಬರ್‌ನಲ್ಲಿ ಶೆಪರ್ಡನ ಚಿತಾಭಸ್ಮವನ್ನು ವಾಷಿಂಗ್ಟನ್ನಿನ ರಾಷ್ಟ್ರೀಯ ಕ್ಯಾಥೆಡ್ರಲಿನಲ್ಲಿ ಇರಿಸಲಾಯಿತು. ಸತ್ತು ಇಪ್ಪತ್ತು ವರ್ಷಕ್ಕೆ ಒಂದು ಚರ್ಚು ಅವನಿಗೆ ಬಾಗಿಲು ತೆರೆಯಿತು.

ಆ ಕಾನೂನು ಧರ್ಮದ ಕಾರಣಕ್ಕೆ ಆಗುವ ಹಿಂಸೆಯನ್ನೂ ಒಳಗೊಂಡಿದೆ ಎಂಬುದನ್ನು ನಮ್ಮವರು ಮರೆಯಬಾರದು. ಕರಾವಳಿಯಿಂದ ಹೋಗಿ ಅಮೆರಿಕದಲ್ಲಿ ನೆಲೆಸಿದ ಕುಟುಂಬಗಳಿಗೂ ಆ ಕೊಡೆಯ ನೆರಳಿದೆ. ಅಲ್ಲಿ ಆ ನೆರಳಲ್ಲಿ ನಿಂತು, ಇಲ್ಲಿಯ ಸಂಬಂಧಿಕರಿಗೆ 'ಇಂಥವರಿಗೆಲ್ಲ ಕೊಡೆ ಬೇಡ' ಎಂದು ವಾಟ್ಸಾಪ್ ಕಳಿಸುವವರಿಗೆ ಏನು ಹೇಳುವುದು?

ಎರಡನೆಯ ಆಕ್ಷೇಪ: ಕರ್ನಾಟಕದ ಮಸೂದೆ ಪ್ರವಚನವನ್ನೇ ಅಪರಾಧ ಮಾಡಿಬಿಟ್ಟರೆ? ಈ ಭಯವನ್ನು ತಳ್ಳಿಹಾಕಲಾಗದು. ಧಾರ್ಮಿಕ ಉದ್ದೇಶದ ಬರಹಗಳಿಗೆ, ವಿದ್ಯೆ, ಕಲೆ, ಸಾಹಿತ್ಯ, ವಿಜ್ಞಾನದ ಕೃತಿಗಳಿಗೆ ಆ ಮಸೂದೆಯಲ್ಲಿ ವಿನಾಯಿತಿ ಇಟ್ಟಿದ್ದಾರೆ. ಆದರೂ ಅದರ ನಿಜವಾದ ದೋಷ ಬೇರೆ ಕಡೆ ಇದೆ. ದ್ವೇಷ ಅಪರಾಧ ಎಂಬ ಪದಕ್ಕೆ ಅದು ಕೊಟ್ಟ ಅರ್ಥ ದ್ವೇಷದ ಮಾತನ್ನು ಹರಡುವುದು, ಪ್ರಕಟಿಸುವುದು, ಅದಕ್ಕೆ ಕುಮ್ಮಕ್ಕು ಕೊಡುವುದು ಎಂಬುದರ ಸುತ್ತಲೇ ತಿರುಗುತ್ತದೆ. ಮೊದಲ ಬಾರಿಯ ತಪ್ಪಿಗೆ 1ರಿಂದ 7 ವರ್ಷ ಸೆರೆ, 50,000 ರೂಪಾಯಿ ದಂಡ ಎಂದಿಟ್ಟದ್ದೂ ಮಾತಿಗೇ. ದ್ವೇಷದಿಂದ ಎತ್ತಿದ ಕೈಗೆ, ಬಿಚ್ಚಿದ ಬಟ್ಟೆಗೆ, ಸುಟ್ಟ ಮಂದಿರಕ್ಕೆ ಅದು ಹೊಸದಾಗಿ ಏನು ಕೊಟ್ಟಿತು? ಮಾತಿನ ಕಾನೂನುಗಳು ನಮ್ಮ ದೇಶದಲ್ಲಿ ಯಾರ ಕೊರಳಿಗೆ ಬೀಳುತ್ತವೆ ಎಂಬುದನ್ನು ಪತ್ರಕರ್ತರು, ಕವಿಗಳು, ಅಲ್ಪಸಂಖ್ಯಾತ ಹುಡುಗರು ಬಲ್ಲರು. ಆ ಮಸೂದೆಯ ಮುಂದಿನ ಹಾದಿ ಏನೇ ಆಗಿರಲಿ, ಚರ್ಚುಗಳು ಕೇಳಬೇಕಾದದ್ದು ಪೆಟ್ಟನ್ನು ಹೆಸರಿಟ್ಟು ಶಿಕ್ಷಿಸುವ ಕಾನೂನನ್ನು. ಆರನೆಯ ಪದವನ್ನು ತೆಗೆಸುವುದರಲ್ಲಿ ಯಾವ ಗೆಲುವೂ ಇಲ್ಲ.

ಕೇಂದ್ರದ ಕಾನೂನಿನ ಸ್ಥಿತಿಯನ್ನೂ ನೋಡಿ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆ ಐದು ಅಥವಾ ಹೆಚ್ಚು ಜನ ಸೇರಿ ಮಾಡುವ ಗುಂಪುಕೊಲೆಗೆ 103ನೇ ಕಲಮಿನಲ್ಲಿ ಪ್ರತ್ಯೇಕ ಉಪಕಲಮು ಇಟ್ಟಿತು. ಕಾರಣಗಳ ಪಟ್ಟಿಯಲ್ಲಿ ಜನಾಂಗ, ಜಾತಿ, ಸಮುದಾಯ, ಲಿಂಗ, ಜನ್ಮಸ್ಥಳ, ಭಾಷೆ, ವೈಯಕ್ತಿಕ ನಂಬಿಕೆ ಇವೆ. ಧರ್ಮ ಎಂಬ ಪದ ನೇರವಾಗಿ ಇಲ್ಲ, ಲೈಂಗಿಕ ಒಲವು ಎಂಬುದೂ ಇಲ್ಲ. 'ಇಂಥದೇ ಇತರ ಕಾರಣ' ಎಂಬ ಬಾಲದೊಳಗೆ ಇಬ್ಬರೂ ಒಟ್ಟಿಗೆ ತುರುಕಿಕೊಂಡು ನಿಲ್ಲಬೇಕು. ಹಳೆಯ 377ನ್ನು ಪೂರ್ತಿ ಕೈಬಿಟ್ಟ ಆ ಸಂಹಿತೆ, ಗಂಡಸಿನ ಮೇಲೆ, ಟ್ರಾನ್ಸ್‌ಜೆಂಡರ್ ವ್ಯಕ್ತಿಯ ಮೇಲೆ ಅತ್ಯಾಚಾರವಾದರೆ ಹಿಡಿಯಲು ಬೇರೊಂದು ಕಲಮನ್ನೂ ಇಡಲಿಲ್ಲ. 2019ರ ಟ್ರಾನ್ಸ್‌ಜೆಂಡರ್ ಕಾಯ್ದೆ ಬಂದಾಗ ಅದರಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಇಟ್ಟ ಶಿಕ್ಷೆ 6 ತಿಂಗಳಿಂದ 2 ವರ್ಷ. ಹೆಣ್ಣಿನ ಮೇಲಿನ ಅತ್ಯಾಚಾರಕ್ಕೆ ಕನಿಷ್ಠ 10 ವರ್ಷ ಇರುವ ದೇಶದಲ್ಲಿ ಇದು. ಇವರ ಮಾನಕ್ಕೆ ಸಂಸತ್ತು ಕಟ್ಟಿದ ಬೆಲೆ ಅಷ್ಟೆ.

ಮೂರನೆಯ ಆಕ್ಷೇಪ: ನಮ್ಮ ಊರಿನಲ್ಲಿ ಅಂಥವರು ಇಲ್ಲ. ಇದಕ್ಕೆ ನಗುವುದೋ ಅಳುವುದೋ ತಿಳಿಯದು. ಮಂದಾರ್ತಿ, ಮಾರಣಕಟ್ಟೆ, ಸಾಲಿಗ್ರಾಮ ಮೇಳಗಳ ಆಟದಲ್ಲಿ ಗಂಡಸಿನ ಸ್ತ್ರೀವೇಷಕ್ಕೆ ರಾತ್ರಿಯಿಡೀ ತಲೆದೂಗುವ ಊರು ನಮ್ಮದು. ವೇಷ ಬೇರೆ, ಬದುಕು ಬೇರೆ ಎಂಬುದು ನಿಜ. ಆದರೆ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಸೀರೆಯುಟ್ಟ ಮಂಗಳಮುಖಿಯನ್ನು ಕಂಡರೆ ಅದೇ ಪ್ರೇಕ್ಷಕ ಸಿಳ್ಳೆ ಹಾಕುತ್ತಾನೆ. ಊರಿನಲ್ಲಿ ಅಂಥವರು ಕಾಣದಿರುವುದು ಅವರು ಹುಟ್ಟದೆ ಇರುವುದರಿಂದಲ್ಲ. ಪಿಯುಸಿ ಮುಗಿಯುವ ಮೊದಲೇ ಬೆಂಗಳೂರಿಗೋ ಮುಂಬಯಿಗೋ ಗಲ್ಫಿಗೋ ಓಡಿಹೋಗುವುದರಿಂದ. ಓಡಲಾಗದವರು ಒತ್ತಾಯದ ಮದುವೆಯಲ್ಲಿ ತಮ್ಮನ್ನೂ ಇನ್ನೊಂದು ಹೆಣ್ಣುಮಗಳನ್ನೂ ಮುಳುಗಿಸುತ್ತಾರೆ, ಇಲ್ಲವೇ ಬಾವಿ ನೋಡುತ್ತಾರೆ. ಪಾಪನಿವೇದನೆ ಕೇಳುವ ಪಾದ್ರಿಗಳಿಗೆ ಇದು ಗೊತ್ತಿಲ್ಲವೆಂದು ಯಾರೂ ನಂಬಲಾರರು.

ನಾಲ್ಕನೆಯದು ಆಕ್ಷೇಪವಲ್ಲ, ಪಿಸುಮಾತು. ಇವರ ಜೊತೆ ಗುರುತಿಸಿಕೊಂಡರೆ ಬಹುಸಂಖ್ಯಾತರ ಕಣ್ಣಲ್ಲಿ ನಾವು ಇನ್ನಷ್ಟು ಕೀಳಾಗುತ್ತೇವೆ ಎಂಬ ಲೆಕ್ಕ. ಈ ಲೆಕ್ಕ ಎಷ್ಟು ಸುಳ್ಳೆಂದು ಬ್ರಹ್ಮಾವರದ ಪಕ್ಕದ ಕೆಂಜೂರಿನ ಘಟನೆ ಹೇಳುತ್ತದೆ. 2016ರ ಆಗಸ್ಟ್‌ನಲ್ಲಿ ಅಲ್ಲಿ ವಾಹನದಲ್ಲಿ ಕರುಗಳನ್ನು ಸಾಗಿಸುತ್ತಿದ್ದ ಯುವಕನೊಬ್ಬನನ್ನು ಹಿಂದೂ ಸಂಘಟನೆಯೊಂದರ ಗುಂಪು ಹೊಡೆದು ಕೊಂದಿತು. ಸತ್ತವನು ಹಿಂದೂ, ಬಿಜೆಪಿಯ ಕಾರ್ಯಕರ್ತ. ಗುಂಪಿಗೆ ಹೊಡೆಯುವ ಅಭ್ಯಾಸವಾದ ಮೇಲೆ ಅದು ಗುರುತಿನ ಚೀಟಿ ನೋಡುವುದಿಲ್ಲ. 2018ರ ಮೇ 30ರಂದು ಪೆರ್ಡೂರಿನಲ್ಲಿ ದನದ ವ್ಯಾಪಾರಿಯೊಬ್ಬರು ಸತ್ತಾಗ ಬಂಧಿತರಲ್ಲಿ ಪೊಲೀಸರೂ ಇದ್ದರು. 2021ರ ಸೆಪ್ಟೆಂಬರ್‌ನಲ್ಲಿ ಕಾರ್ಕಳದ ಕುಕ್ಕುಂದೂರಿನ ಪ್ರಾರ್ಥನಾ ಕೇಂದ್ರಕ್ಕೆ ನುಗ್ಗಿದವರು ಒಳಗಿದ್ದವರ ಸಭ್ಯತೆಯನ್ನು ಪರೀಕ್ಷಿಸಿ ನುಗ್ಗಿದ್ದಲ್ಲ. ಒಳ್ಳೆಯ ಅಲ್ಪಸಂಖ್ಯಾತನಾದರೆ ಪೆಟ್ಟು ತಪ್ಪುತ್ತದೆ ಎಂಬುದು ಭ್ರಮೆ.

ಮುಸ್ಲಿಂ ಓದುಗರಿಗೂ ಒಂದು ಮಾತು. 2013ರಲ್ಲಿ 377ರ ಪರ ಗೆದ್ದ ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿ 2018ರ ವೇಳೆಗೆ ವಿಷಯವನ್ನು ನ್ಯಾಯಾಲಯದ ವಿವೇಚನೆಗೇ ಬಿಟ್ಟಿತು. ಆ ಮೌನ ಕೂಡ ಒಂದು ಹೆಜ್ಜೆ. ಅದೇ ವರ್ಷದ ಜುಲೈ 17ರಂದು ಗುಂಪುಹತ್ಯೆಯ ವಿರುದ್ಧ ರಾಜ್ಯಗಳಿಗೆ ಕಟ್ಟುನಿಟ್ಟಿನ ಸೂಚನೆ ಕೊಟ್ಟ ಪೀಠದ ನೇತೃತ್ವ ವಹಿಸಿದ್ದು ನ್ಯಾಯಮೂರ್ತಿ ದೀಪಕ್ ಮಿಶ್ರಾ. ಏಳು ವಾರಗಳ ನಂತರ 377ರ ತೀರ್ಪು ಕೊಟ್ಟ ಪೀಠದ ನೇತೃತ್ವವೂ ಅವರದೇ. ಮೊದಲ ತೀರ್ಪನ್ನು ಎದೆಗೆ ಒತ್ತಿಕೊಂಡು ಎರಡನೆಯದಕ್ಕೆ ಉಗಿಯುವುದು ಸಾಧ್ಯವಿಲ್ಲ. ಎರಡೂ ನಿಂತಿರುವುದು ಸಂವಿಧಾನದ 21ನೇ ವಿಧಿಯ ಮೇಲೆ.

ಚರ್ಚುಗಳಿಂದ ನಾವು ಕೇಳುವುದು ದೊಡ್ಡದೇನಲ್ಲ. ಸಲಿಂಗ ಮದುವೆಗೆ ಗಂಟೆ ಬಾರಿಸಿ ಎಂದು ಯಾರೂ ಕೇಳುತ್ತಿಲ್ಲ. ಮೂರೇ ಕೆಲಸ. ಒಂದು, ದ್ವೇಷ ಅಪರಾಧ ಕಾನೂನಿನ ಬಗ್ಗೆ ಸರಕಾರಕ್ಕೆ ಕೊಡುವ ಮನವಿಯಲ್ಲಿ ಪಟ್ಟಿಯ ಎಲ್ಲ ಪದಗಳಿಗೂ ಸಹಿ ಹಾಕಿ. ಎರಡು, ಸಲಿಂಗಿ ಎಂದು, ಮಂಗಳಮುಖಿ ಎಂದು ಯಾರಿಗಾದರೂ ಪೆಟ್ಟು ಬಿದ್ದಾಗ ಪಾಲನಾ ಪರಿಷತ್ತಿನಿಂದ ಇಬ್ಬರು ಠಾಣೆಗೆ ಹೋಗಿ, 2008ರಲ್ಲಿ ಬೇರೆಯವರು ನಿಮ್ಮ ಬಳಿಗೆ ಬಂದಂತೆ. ಮೂರು, ವರ್ಷಕ್ಕೆ ಒಂದು ಭಾನುವಾರ ಪ್ರವಚನ ಪೀಠದಿಂದ ಹೇಳಿ: ನಮ್ಮ ಮನೆಯಲ್ಲಿ ಇಂಥ ಮಗು ಹುಟ್ಟಿದರೆ ಅದನ್ನು ಹೊಡೆಯಬಾರದು, ಹೊರಗಟ್ಟಬಾರದು. 1992ರ ಧರ್ಮೋಪದೇಶ ಇಷ್ಟನ್ನು ವಿಧಿಸಿಯೇ ಇದೆ. ಇದಕ್ಕೆ ಬಿಷಪರ ಹೊಸ ಅನುಮತಿಯೂ ಬೇಡ. ಬಾಯಿ ತೆರೆಯುವ ಧೈರ್ಯವೊಂದು ಸಾಕು.